ಬಿಸಿ ಗೊತ್ತಾಗದ ಕೈ

ಕೈ ಸುಟ್ಟದ್ದು ಅಮ್ಮನಿಗೆ ಗೊತ್ತಾದದ್ದು ವಾಸನೆಯಿಂದ.

ಸಮುದಾಯ ಭವನದ ಅಡುಗೆಮನೆಯಲ್ಲಿ ಗಂಜಿಯ ದೊಡ್ಡ ಪಾತ್ರೆಯನ್ನು ಅವಳು ಒಲೆಯಿಂದ ಇಳಿಸಿದ್ದಳು. ಹತ್ತು ಹೆಜ್ಜೆ ನಡೆದು ಬಡಿಸುವ ಮೇಜಿನ ಮೇಲೆ ಇಟ್ಟಿದ್ದಳು. ಕೈಗೆ ಬಟ್ಟೆ ಹಿಡಿದಿರಲಿಲ್ಲ. ಅಮ್ಮ ಬಟ್ಟೆ ಹಿಡಿದದ್ದನ್ನು ಯಾರೂ ನೋಡಿರಲಿಲ್ಲ.

"ಏನೋ ಸೀದುಹೋದ ಹಾಗಿದೆಯಲ್ಲ," ಎಂದು ಸೌಟಕ್ಕ ಮೂಗು ಅರಳಿಸಿದಳು. ಅಡುಗೆಯ ಉಸ್ತುವಾರಿ ಅವಳದು. ಸೌಟು ಕೈಯಲ್ಲಿಲ್ಲದೆ ಅವಳನ್ನು ಕಂಡವರಿಲ್ಲವಾದ್ದರಿಂದ ಆ ಹೆಸರು. ಅವಳು ಒಲೆ ನೋಡಿದಳು, ಪಾತ್ರೆಯ ತಳ ನೋಡಿದಳು. ಅಮ್ಮ ತನ್ನ ಬಲಗೈಯನ್ನು ಮಗುಚಿ ನೋಡಿಕೊಂಡಳು. ಅಂಗೈಯ ಚರ್ಮ ಪಾತ್ರೆಯ ಹಿಡಿಗೇ ಅಂಟಿಕೊಂಡು ಉಳಿದಿತ್ತು.

"ನಂದೇ ಅಕ್ಕಾ," ಎಂದಳು. ದಾರಿಯಲ್ಲಿ ಬಿದ್ದ ಚಪ್ಪಲಿ ತನ್ನದೆಂದು ಒಪ್ಪಿಕೊಳ್ಳುವ ಹಾಗೆ.

ಮಗಳು ಅಲ್ಲೇ ಇದ್ದಳು. ಈರುಳ್ಳಿ ಹೆಚ್ಚುತ್ತಿದ್ದಳು. ಅವಳಿಗೆ ಇಪ್ಪತ್ತೆರಡು ವರ್ಷ. ಭವನದಲ್ಲಿ ಅವಳನ್ನು ಮೂಗಿ ಎಂದು ಕರೆಯುತ್ತಿದ್ದರು. ಅವಳಿಗೆ ಮಾತು ಬರುತ್ತಿತ್ತು, ಆಡುತ್ತಿರಲಿಲ್ಲ. ಅಮ್ಮನ ಅಂಗೈ ನೋಡಿದಾಗಲೂ ಕಿರುಚಲಿಲ್ಲ. ಚಾಕು ಕೆಳಗಿಟ್ಟಳು, ಬಕೆಟ್ಟಿಗೆ ತಣ್ಣೀರು ಹಿಡಿದಳು, ಅಮ್ಮನ ಕೈ ಅದರಲ್ಲಿ ಮುಳುಗಿಸಿದಳು. ಎದೆಯೊಳಗೆ ಏನಾದರೂ ಆಗುತ್ತದೆ ಎಂದು ಕಾದಳು. ಏನೂ ಆಗಲಿಲ್ಲ.

ಆ ಊರಿನಲ್ಲಿ ಒಂದು ಕಾಲಕ್ಕೆ ನೂಲಿನ ಮಿಲ್ಲು ಇತ್ತು. ಮಿಲ್ಲು ಮುಚ್ಚಿತು. ಮೊದಲು ಹೋಟೆಲುಗಳು ಮುಚ್ಚಿದವು, ಆಮೇಲೆ ಬಟ್ಟೆ ಅಂಗಡಿಗಳು, ಆಮೇಲೆ ಬಸ್ಸುಗಳು ಕಡಿಮೆಯಾದವು. ಕೈಕಾಲು ಗಟ್ಟಿ ಇದ್ದವರು ಬಿಟ್ಟು ಹೋದರು. ಉಳಿದವರಲ್ಲಿ ಕೆಲವರು ಸೇರಿ ಮಿಲ್ಲಿನ ಹಳೆಯ ಕ್ಯಾಂಟೀನನ್ನು ತೊಳೆದು, ಸುಣ್ಣ ಬಳಿದು, ಸಮುದಾಯ ಭವನ ಮಾಡಿದರು. ಮಧ್ಯಾಹ್ನ ಊಟ. ಒಂದು ಮೂಲೆಯಲ್ಲಿ ಪೇಪರು, ಪುಸ್ತಕ. ಇನ್ನೊಂದು ಮೂಲೆಯಲ್ಲಿ ಹಳೇ ಬಟ್ಟೆ ರಿಪೇರಿ ಮಾಡುವ ಎರಡು ಹೊಲಿಗೆ ಮಷೀನು. ಯಾರಿಗೂ ಸಂಬಳವಿಲ್ಲ. ಎಲ್ಲ ಸೇವೆ. ಆ ಭವನ ಇಲ್ಲದಿದ್ದರೆ ನೂರು ಜನ ಮಧ್ಯಾಹ್ನ ನೀರು ಕುಡಿದು ಮಲಗಬೇಕಾಗಿತ್ತು. ಇದರಲ್ಲಿ ಸುಳ್ಳಿಲ್ಲ. ಮಗಳಿಗೂ ಇದು ಗೊತ್ತಿತ್ತು. ಗೊತ್ತಿದ್ದದ್ದೇ ಕಷ್ಟ.

ಸೋಮವಾರ ಸೋಮವಾರ ಸರದಿ ಬದಲಾಗುತ್ತಿತ್ತು. ಗೋಡೆಯ ಮೇಲಿನ ಕರಿಹಲಗೆಯಲ್ಲಿ ಅಧ್ಯಕ್ಷರು ತಮ್ಮ ದುಂಡನೆಯ ಅಕ್ಷರದಲ್ಲಿ ಬರೆಯುತ್ತಿದ್ದರು. ಮಿಲ್ಲಿನಲ್ಲಿ ಸೂಪರ್‌ವೈಸರ್ ಆಗಿದ್ದವರು ಅವರು. ಹೋದ ವಾರ ತರಕಾರಿ ತಂದವರು ಈ ವಾರ ಬಡಿಸುವವರು. ಬಡಿಸುವವರು ಮುಂದಿನ ವಾರ ಪುಸ್ತಕದ ಮೂಲೆಗೆ. "ಇಲ್ಲಿ ದೊಡ್ಡ ಕೆಲಸ ಸಣ್ಣ ಕೆಲಸ ಅಂತಿಲ್ಲ, ಎಲ್ಲರೂ ಎಲ್ಲ ಮಾಡಬೇಕು," ಎಂದು ಅವರು ಹೇಳುತ್ತಿದ್ದರು. ಆದರೆ ಪಾಯಖಾನೆ ಆ ಹಲಗೆಯಲ್ಲಿ ಇರಲಿಲ್ಲ. ಅದು ಅಮ್ಮನದು, ಅಮ್ಮನ ಜೊತೆಗೆ ಮಗಳದು. ಯಾರೂ ಹಾಗೆಂದು ಬರೆದಿರಲಿಲ್ಲ. ಬರೆಯದ ಸಾಲನ್ನು ಎಲ್ಲರೂ ಓದಿಕೊಂಡಿದ್ದರು. ಇಬ್ಬರೂ ಮೋರಿ ಓಣಿಯವರು. ಮಿಲ್ಲು ಇದ್ದಾಗ ಅಮ್ಮ ಅಲ್ಲಿಯೂ ಅದೇ ಕೆಲಸ ಮಾಡುತ್ತಿದ್ದಳು. ಇಪ್ಪತ್ತೊಂದು ವರ್ಷ ಆಸಿಡ್ಡು, ಬ್ಲೀಚಿಂಗ್ ಪುಡಿ, ಬರಿಗೈ. ಭವನದಲ್ಲಿ ಇನ್ನಾರು ವರ್ಷ. ಬೆರಳುಗಳು ಮೊದಲು ಬಿಳಿಚಿದವು, ಆಮೇಲೆ ಬಿರಿದವು, ಆಮೇಲೆ ಸುಮ್ಮನಾದವು.

ಆ ಸುಮ್ಮನಾದ ಕೈ ಅಡುಗೆಮನೆಗೆ ಬಹಳ ಅನುಕೂಲವಾಯಿತು. ಪಾತ್ರೆ ಇಳಿಸಬೇಕಾದಾಗಲೆಲ್ಲ ಅಮ್ಮನಿಗೆ ಕರೆ.

"ಇವಳಿದ್ರೆ ಇಕ್ಕಳ ಯಾಕೆ?" ಎಂದು ಸೌಟಕ್ಕ ನಗುತ್ತಿದ್ದಳು. "ಇವಳ ಕೈ ಮೇಲೇ ಬ್ರೆಡ್ಡು ಕಾಯಿಸಬಹುದು."

ಎಲ್ಲರೂ ನಗುತ್ತಿದ್ದರು. ಎಲ್ಲರಿಗಿಂತ ಮೊದಲು ಅಮ್ಮ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೈಗೆ ಪಟ್ಟಿ ಕಟ್ಟಿ, ಗುಂಡುಪಿನ್ನಿನಿಂದ ಅಮ್ಮನ ಒಂದೊಂದೇ ಬೆರಳು ಚುಚ್ಚಿದಳು. "ನೋವಾಯ್ತಾ?" "ಇಲ್ಲಮ್ಮ." "ಇಲ್ಲಿ?" "ಇಲ್ಲ." "ಎಷ್ಟು ದಿನದಿಂದ ಹೀಗೆ?"

"ಕೆಲಸಕ್ಕೇನೂ ತೊಂದರೆ ಇಲ್ಲಮ್ಮ," ಎಂದಳು ಅಮ್ಮ.

ಡಾಕ್ಟರಮ್ಮ ಮಗಳ ಕಡೆ ತಿರುಗಿದಳು. "ನೀನೂ ಇದೇ ಕೆಲಸಾನಾ? ಕೊಡು ಕೈ." ಎಂಟು ಬೆರಳಿಗೆ ಚುಚ್ಚಿದ್ದು ಗೊತ್ತಾಯಿತು. ಎಡಗೈಯ ಎರಡು ಬೆರಳಿಗೆ ಯಾರೋ ದೂರದಿಂದ ಕರೆದ ಹಾಗೆ ಮಾತ್ರ ಆಯಿತು.

"ಇವತ್ತಿಂದ ಆಸಿಡ್ಡು, ಪುಡಿ, ಕೊಳೆನೀರು, ಯಾವುದಕ್ಕೂ ಕೈ ಹಾಕಬೇಡ. ಹೋದ್ರೆ ವಾಪಸ್ ಬರಲ್ಲ. ನಿಮ್ಮಮ್ಮನ್ನ ನೋಡು."

ಮಗಳು ಅಮ್ಮನನ್ನು ನೋಡಿದಳು. ಅಮ್ಮ ಕಿಟಕಿಯ ಆಚೆ ನೋಡುತ್ತಿದ್ದಳು.

ಸೋಮವಾರ ಮಗಳು ಭವನಕ್ಕೆ ಹೋದಳು. ಪೊರಕೆ, ಬಕೆಟ್ಟು ಇಡುವ ಹಿತ್ತಲಿನ ಕಡೆಗೆ ಹೋಗಲಿಲ್ಲ. ನೇರವಾಗಿ ಹೊಲಿಗೆ ಮೂಲೆಗೆ ಹೋಗಿ ಕುಳಿತಳು. ಅಲ್ಲಿ ಟೈಲರ್ ತಾತ ಇದ್ದ. ಕಣ್ಣಿಗೆ ಪೊರೆ ಬಂದ ಮುದುಕ. ಬಿಡುವು ಸಿಕ್ಕಾಗ ಒಂದು ವರ್ಷದಿಂದ ಅವಳಿಗೆ ಕೆಲಸ ಕಲಿಸುತ್ತಿದ್ದ. ಅವಳಿಗೆ ಕಾಲರು ತಿರುಗಿಸಲು ಬರುತ್ತಿತ್ತು. ಜಿಪ್ಪು ಹಾಕಲು ಬರುತ್ತಿತ್ತು. ಬಟ್ಟೆಯ ಅಂಚನ್ನು ಬೆರಳಲ್ಲಿ ತಡವಿಯೇ ನೂಲಿನ ದಿಕ್ಕು ಹೇಳುತ್ತಿದ್ದಳು. ಬೇಕೆಂದು ಅವಳು ಬಾಯಿಬಿಟ್ಟು ಕೇಳಿದ್ದು ಬದುಕಿನಲ್ಲಿ ಅದೊಂದೇ ಕೆಲಸ.

"ನನ್ನ ತಲೆ, ನಿನ್ನ ಬೆರಳು," ಎನ್ನುತ್ತಿದ್ದ ತಾತ. "ಇಬ್ಬರೂ ಸೇರಿದ್ರೆ ಒಬ್ಬ ಟೈಲರ್ ಆಗ್ತೀವಿ. ಅರ್ಧರ್ಧ ಮರ್ಯಾದೆ ಹಂಚಿಕೊಳ್ಳೋಣ."

ಮಂಗಳವಾರ ಯಾರೂ ಏನೂ ಹೇಳಲಿಲ್ಲ. ಬುಧವಾರ ಹೆಂಗಸರ ಪಾಯಖಾನೆಯಲ್ಲಿ ನೀರು ಇಳಿಯಲಿಲ್ಲ. ಗುರುವಾರ ಅದು ಮೇಲೆ ಬಂತು.

ಯಾಕೆ ಬಂತು ಎಂದು ಮಗಳಿಗೆ ಗೊತ್ತಿತ್ತು. ಭವನಕ್ಕೆ ಬ್ರೆಡ್ಡು, ಬೇಳೆ, ಎಣ್ಣೆ ಕೊಡುವವರು ಪೇಟೆಯ ಅಂಗಡಿಯವರು. ಭವನ ಶುರುವಾದ ಹೊಸದರಲ್ಲೇ ಒಬ್ಬ ಬೇಕರಿಯವನು ತಾನು ಕೊಟ್ಟ ಬ್ರೆಡ್ಡು ಕಸದ ಡಬ್ಬಿಯಲ್ಲಿ ಬಿದ್ದದ್ದನ್ನು ಕಂಡು ತಿಂಗಳಿಡೀ ಏನೂ ಕೊಡಲಿಲ್ಲ. ಆಗ ಅಧ್ಯಕ್ಷರು ಒಂದು ನಿಯಮ ಮಾಡಿದರು: ಉಳಿದ ಊಟ ಯಾವ ಕಾರಣಕ್ಕೂ ಕಸದಲ್ಲಿ ಕಾಣಬಾರದು. ಅಂದಿನಿಂದ ಉಳಿದ ಗಂಜಿ, ನೆನೆದ ಬ್ರೆಡ್ಡು, ಬಾಣಲೆಯ ಜಿಡ್ಡು, ಎಲ್ಲವೂ ಹೆಂಗಸರ ಪಾಯಖಾನೆಗೆ ಹೋಗುತ್ತಿತ್ತು. ಸುರಿದು, ಮೇಲೊಂದು ಬಕೆಟ್ ನೀರು. ಕಣ್ಣಿಗೆ ಕಾಣದಿದ್ದರೆ ಆಯಿತು.

ಅದು ಎಲ್ಲೂ ಹೋಗುತ್ತಿರಲಿಲ್ಲ. ಹಿತ್ತಲಿನ ಚೇಂಬರಿನಲ್ಲಿ, ಪೈಪು ಬಂದು ಸೇರುವ ಗುಂಡಿಯಲ್ಲಿ, ನಿಂತು ಮೇಣದಂತೆ ಗಟ್ಟಿಯಾಗುತ್ತಿತ್ತು. ಪ್ರತಿ ಶನಿವಾರ ಎಲ್ಲರೂ ಮನೆಗೆ ಹೋದ ಮೇಲೆ ಅಮ್ಮ ಮುಚ್ಚಳ ಎತ್ತಿ, ಮಂಡಿಯೂರಿ, ಭುಜದವರೆಗೆ ಕೈ ಇಳಿಸಿ ಬಾಚಿ ತೆಗೆಯುತ್ತಿದ್ದಳು. ಮಗಳು ಬಕೆಟ್ಟು ಹಿಡಿಯುತ್ತಿದ್ದಳು. ಗಂಜಿ ಮಾತ್ರವಲ್ಲ, ಗಂಜಿಯ ಜೊತೆ ಎಲ್ಲವೂ ಬರುತ್ತಿತ್ತು. ಅಮ್ಮ ಮುಖ ಒಂದು ಕಡೆ ತಿರುಗಿಸಿಕೊಂಡು, ಕೆನ್ನೆಯನ್ನು ನೆಲಕ್ಕೆ ತಾಗಿಸಿ, ಬೆರಳಿಗೆ ಗೊತ್ತಾಗದ್ದನ್ನು ಮೊಣಕೈಯಿಂದ ಹುಡುಕುತ್ತಿದ್ದಳು. ಯಾರಿಗೂ ಹೇಳಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಆ ಲೆಕ್ಕದಲ್ಲಿ ಅಮ್ಮನ ಮನೆ ತುಂಬ ಬಂಗಾರವಿತ್ತು. ಪೈಪು ಕಟ್ಟಿಕೊಳ್ಳುತ್ತದೆ ಎಂಬುದೇ ಭವನದಲ್ಲಿ ಯಾರಿಗೂ ತಿಳಿಯಲಿಲ್ಲ. ಆರು ವರ್ಷದಲ್ಲಿ ಅದು ಒಮ್ಮೆಯೂ ಕಟ್ಟಿಕೊಂಡಿರಲಿಲ್ಲವಲ್ಲ. ಕೈ ಸುಟ್ಟ ವಾರದ ಶನಿವಾರ ಮಾತ್ರ ಮುಚ್ಚಳ ಎತ್ತುವವರಿರಲಿಲ್ಲ.

ಗುರುವಾರ ಊಟ ಮುಗಿದ ಮೇಲೆ ಅಧ್ಯಕ್ಷರು ಹೊಲಿಗೆ ಮೂಲೆಗೆ ಬಂದರು. ಒಂದು ಕುರ್ಚಿ ಎಳೆದುಕೊಂಡು ಮಗಳ ಎದುರು ಕುಳಿತರು. ಅವರು ಅವಳೆದುರು ಕುಳಿತದ್ದು ಅದೇ ಮೊದಲು.

"ನಾಳೆ ನಗರಸಭೆಯಿಂದ ಆಫೀಸರ್ ಬರ್ತಾರಮ್ಮ. ಈ ಕಟ್ಟಡ ಇನ್ನೈದು ವರ್ಷ ನಮಗೆ ಬಿಡಬೇಕೋ ಬೇಡವೋ ಅಂತ ನೋಡೋಕೆ. ಅಡುಗೆಮನೆ, ಪಾಯಖಾನೆ ಎರಡೇ ಅವರು ನೋಡೋದು. ಗೊತ್ತಾಯ್ತಾ?"

ಮಗಳು ತಲೆ ಆಡಿಸಿದಳು.

"ಹಿಂದೆ ಏನೋ ಕಟ್ಟಿಕೊಂಡಿದೆ. ಮಷೀನ್ ತರಿಸೋಣ ಅಂದ್ರೆ ಬರೋಕೆ ನಾಲ್ಕು ದಿನ ಅಂತಾರೆ. ನೀನು ಸ್ವಲ್ಪ ಕೈ ಹಾಕಿದ್ರೆ ಅರ್ಧ ಗಂಟೆ ಕೆಲಸ."

"ಇಲ್ಲ," ಎಂದಳು ಮಗಳು.

ದನಿ ಎಷ್ಟು ಸಣ್ಣದಿತ್ತೆಂದರೆ ಅಧ್ಯಕ್ಷರು ಮುಂದಕ್ಕೆ ಬಗ್ಗಿ, "ಏನಂದೆ?" ಎಂದರು.

"ಮಾಡಲ್ಲ."

ಹೊಲಿಗೆ ಮಷೀನಿನ ಸದ್ದು ನಿಂತಿತು. ಅಧ್ಯಕ್ಷರಿಗೆ ಕೋಪ ಬರಲಿಲ್ಲ. ನಕ್ಕರು. "ನಾನು ಆರ್ಡರ್ ಮಾಡ್ತಾ ಇಲ್ಲಮ್ಮ. ಇದು ಸೇವೆ. ದಿನಾ ಬೆಳಗ್ಗೆ ಕುರ್ಚಿ ಹಾಕೋನು ನಾನೇ. ನಿಮ್ಮಮ್ಮ ಇಷ್ಟು ವರ್ಷ ಒಂದು ಮಾತು ಆಡಿದವಳಲ್ಲ."

"ಹೌದು."

"ನಿಮಗೆ ಅಭ್ಯಾಸ ಇದೆ. ನಮಗೆ ಆಗಲ್ಲ."

"ಮಾಡ್ತಾ ಮಾಡ್ತಾ ಆಗುತ್ತೆ," ಎಂದಳು.

ನಗು ಹೋಯಿತು. ಅಧ್ಯಕ್ಷರು ಎದ್ದರು. "ನೂರು ಜನ ಇಲ್ಲಿ ಊಟ ಮಾಡ್ತಾರೆ. ಅದರಲ್ಲಿ ನಲವತ್ತು ಜನ ನಿಮ್ಮ ಓಣಿಯೋರು. ಅದನ್ನ ಯೋಚನೆ ಮಾಡು."

ಅವರು ಹೋದ ಮೇಲೆ ತಾತ ಕತ್ತರಿಯನ್ನು ಒರೆಸಿದ್ದನ್ನೇ ಒರೆಸುತ್ತ ಕುಳಿತ. ಆಮೇಲೆ ಮೆಲ್ಲಗೆ ಹೇಳಿದ: "ಮಗಾ, ಒಂದೇ ಒಂದ್ಸಲ ಮಾಡಿಬಿಡು. ಆಫೀಸರ್ ಹೋದ ಮೇಲೆ ಬೇಡ ಅನ್ನು. ಭವನ ಹೋದ್ರೆ ಈ ಮಷೀನೂ ಹೋಗುತ್ತೆ."

ಅವಳು ತಾತನ ಮುಖ ನೋಡಿದಳು. ಒಳ್ಳೆಯ ಮುಖವೇ. ಕೈಯಲ್ಲಿದ್ದ ಬಟ್ಟೆ ಮಡಿಸಿಟ್ಟು ಎದ್ದುಹೋದಳು.

ಸುದ್ದಿ ಅವಳಿಗಿಂತ ಮೊದಲು ಓಣಿ ಮುಟ್ಟಿತ್ತು. ನಲ್ಲಿಯ ಹತ್ತಿರ ಪಕ್ಕದ ಮನೆಯ ಅಜ್ಜಿ ಕೊಡ ಕೆಳಗಿಟ್ಟು ನಿಂತಳು. "ಏನೇ, ದೊಡ್ಡ ಮನುಷ್ಯಳಾಗಿದ್ದೀಯಂತೆ? ನಿನ್ನ ಜಂಬಕ್ಕೆ ನಮ್ಮ ಹೊಟ್ಟೆ ಮೇಲೆ ಹೊಡೀಬೇಡ ತಾಯಿ." ಮಗಳು ಅಜ್ಜಿಯ ತುಂಬಿದ ಕೊಡವನ್ನು ಎತ್ತಿ ಅವಳ ಬಾಗಿಲಲ್ಲಿಟ್ಟು ಮನೆಗೆ ಬಂದಳು.

ಏಳನೇ ಕ್ಲಾಸಿನಲ್ಲಿ ಶಾಲೆ ಬಿಟ್ಟದ್ದೂ ಹೀಗೇ. ಓಣಿಯ ಮಕ್ಕಳನ್ನು ಮಾತ್ರ ಶಾಲೆಯ ಪಾಯಖಾನೆ ತೊಳೆಯಲು ಕಳಿಸುತ್ತಿದ್ದರು. ಆಗ ಅವಳಿಗೆ ಇಲ್ಲ ಅನ್ನಲು ಬರಲಿಲ್ಲ. ಅದಕ್ಕೆ ಶಾಲೆಗೇ ಹೋಗಲಿಲ್ಲ. ತೊಳೆಯುವುದು ಓಣಿಯ ಉಳಿದ ಮಕ್ಕಳ ಪಾಲಿಗೆ ಬಿತ್ತು. ಅಷ್ಟೇ ಆದದ್ದು. ಎಲ್ಲಿಂದಾದರೂ ಎದ್ದುಹೋಗುವುದೊಂದೇ ಅವಳಿಗೆ ಗೊತ್ತಿದ್ದ ದಾರಿ. ಈ ಸಲ ಎದ್ದುಹೋದರೆ ಹೊಲಿಗೆಯೂ ಹೋಗುತ್ತದೆ ಎಂದು ಅವಳಿಗೆ ಅನ್ನಿಸಿತು.

ಶುಕ್ರವಾರ ಬೆಳಗ್ಗೆ ಎದ್ದಾಗ ಅಮ್ಮ ಮನೆಯಲ್ಲಿರಲಿಲ್ಲ.

ಮಗಳು ಓಡಲಿಲ್ಲ, ಬೇಗ ಬೇಗ ನಡೆದಳು. ಭವನದ ಹಿತ್ತಲಿನಲ್ಲಿ ಅಮ್ಮ ಚೇಂಬರಿನ ಪಕ್ಕ ಮಂಡಿಯೂರಿದ್ದಳು. ಪಟ್ಟಿ ಕಟ್ಟಿದ ಬಲಗೈಗೆ ಪ್ಲಾಸ್ಟಿಕ್ ಚೀಲ ಹಾಕಿ, ಹಲ್ಲಿನಿಂದ ದಾರ ಎಳೆದು ಗಂಟು ಹಾಕಿಕೊಂಡಿದ್ದಳು. ಎಡಗೈಯಲ್ಲಿ ಕಬ್ಬಿಣದ ಕಂಬಿಯಿಂದ ಮುಚ್ಚಳ ಮೀಟುತ್ತಿದ್ದಳು. ಮುಚ್ಚಳ ಒಂದು ಬೆರಳಗಲ ಎದ್ದಿತ್ತು.

ಮಗಳು ಹೋಗಿ ಮುಚ್ಚಳದ ಮೇಲೆ ನಿಂತಳು. ಅದು ಧಪ್ಪನೆ ಕುಳಿತಿತು.

"ಇಳಿಯೇ."

"ಇಳಿಯಲ್ಲ."

"ನಂದು ಹೇಗೂ ಹೋದ ಕೈ. ಅದಕ್ಕೆ ಇನ್ನೇನಾಗುತ್ತೆ? ನೀನು ಹೋಗಿ ಹೊಲಿಗೆಗೆ ಕೂತ್ಕೋ. ನಿನ್ನ ಹೆಸರು ಕೆಡೋದು ಬೇಡ, ನನ್ನ ಹೆಸರು ಕೆಡೋದು ಬೇಡ."

"ನಿಂಗೆ ಇಲ್ಲಿ ಹೆಸರೇ ಇಲ್ಲಮ್ಮ. ಇಕ್ಕಳ ಅಂತಾರೆ."

ಅಮ್ಮ ಎಡಗೈಯಿಂದ ಅವಳ ಕಾಲಿಗೆ ಹೊಡೆದಳು. ಇನ್ನೊಮ್ಮೆ ಹೊಡೆದಳು. ಮಗಳು ಕದಲಲಿಲ್ಲ. ನೋವಾಯಿತು, ಆ ನೋವು ಮಂಡಿಯ ಹತ್ತಿರವೇ ನಿಂತುಬಿಟ್ಟಿತು. ಅಮ್ಮ ಹೊಡೆಯುವುದನ್ನು ಬಿಟ್ಟು ಗೋಡೆಗೆ ಒರಗಿ ಕುಳಿತಳು. ಅಳಲಿಲ್ಲ. ಪ್ಲಾಸ್ಟಿಕ್ ಚೀಲದೊಳಗೆ ಅವಳ ಕೈ ಬೆವರುತ್ತಿತ್ತು.

ಸದ್ದಿಗೆ ಸೌಟಕ್ಕ ಬಂದಳು, ಅಧ್ಯಕ್ಷರು ಬಂದರು, ತರಕಾರಿ ತೊಳೆಯುತ್ತಿದ್ದ ನಾಲ್ಕಾರು ಜನ ಬಂದರು. ಎಲ್ಲರೂ ಸ್ವಲ್ಪ ದೂರದಲ್ಲಿ ಮೂಗು ಮುಚ್ಚಿಕೊಂಡು ನಿಂತರು.

"ಏನಿದು ನಾಟಕ?" ಎಂದರು ಅಧ್ಯಕ್ಷರು. "ಅವಳಾಗೇ ಮಾಡ್ತೀನಿ ಅಂತ ಬಂದಿದ್ದಾಳೆ. ಯಾರಾದ್ರೂ ಕರೆದ್ರಾ?"

"ಯಾರೂ ಕರೆದಿಲ್ಲ," ಎಂದಳು ಮಗಳು. ಅಷ್ಟು ಜನರ ಎದುರು ಅವಳು ಮಾತಾಡಿದ್ದು ಅದೇ ಮೊದಲು. "ಇದರೊಳಗೆ ಏನಿದೆ ಗೊತ್ತಾ? ನೀವು ಸುರಿದ ಗಂಜಿ. ಬ್ರೆಡ್ಡು. ಎಣ್ಣೆ ಜಿಡ್ಡು."

"ಅಯ್ಯೋ, ಒಂದು ಬಕೆಟ್ ಗಂಜಿಗೆ ಪೈಪು ಕಟ್ಟುತ್ತಾ?" ಎಂದಳು ಸೌಟಕ್ಕ.

"ವಾರಾ ವಾರಾ ಕಟ್ಟುತ್ತೆ. ವಾರಾ ವಾರಾ ಅಮ್ಮ ಕೈಯಲ್ಲಿ ಬಾಚಿ ತೆಗೀತಾಳೆ. ಆರು ವರ್ಷ."

ಸೌಟಕ್ಕ ಅಮ್ಮನ ಕಡೆ ನೋಡಿದಳು. "ಹೌದೇನೇ? ಒಂದು ಮಾತು ಹೇಳಬಾರದಿತ್ತಾ?"

ಅಮ್ಮ ನೆಲ ನೋಡಿದಳು.

"ಹೇಳಿದ್ರೆ ಏನ್ ಮಾಡ್ತಿದ್ರಿ?" ಎಂದಳು ಮಗಳು.

ಅಷ್ಟರಲ್ಲಿ ಮುಂದಿನ ಗೇಟಿನಲ್ಲಿ ಜೀಪಿನ ಹಾರನ್ನು ಕೇಳಿಸಿತು. ಎಲ್ಲರೂ ಮುಂದಕ್ಕೆ ಓಡಿದರು.

ಆಫೀಸರ್ ಹೆಂಗಸು. ಜೊತೆಗೊಬ್ಬ ಗುಮಾಸ್ತ. ಅಡುಗೆಮನೆ ನೋಡಿದಳು, ಚೆನ್ನಾಗಿದೆ ಎಂದಳು. ಪುಸ್ತಕದ ಮೂಲೆ ನೋಡಿ ಬಹಳ ಚೆನ್ನಾಗಿದೆ ಎಂದಳು. ಆಮೇಲೆ ವಾಸನೆ ಬಂದ ದಿಕ್ಕಿಗೆ ತಾನೇ ನಡೆದುಬಂದಳು. ಹಿತ್ತಲಿನಲ್ಲಿ ಮುಚ್ಚಳದ ಮೇಲೆ ನಿಂತ ಹುಡುಗಿಯನ್ನೂ ಗೋಡೆಗೆ ಒರಗಿ ಕುಳಿತ ಹೆಂಗಸನ್ನೂ ಕಂಡು ನಿಂತಳು.

"ಇದು ಯಾಕೆ ಹೀಗಿದೆ?"

"ನೋಡಿಕೊಳ್ಳೋರು ಇವರೇ ಮೇಡಂ," ಎಂದರು ಅಧ್ಯಕ್ಷರು. "ಸಮಯಕ್ಕೆ ಸರಿಯಾಗಿ ಕೈ ಕೊಟ್ಟರು. ಏನ್ ಮಾಡೋದು, ಸ್ವಯಂಸೇವಕರು. ಜೋರು ಮಾಡೋ ಹಾಗಿಲ್ಲ."

ಆಫೀಸರ್ ಮಗಳನ್ನು ಕೇಳಿದಳು: "ಏನಮ್ಮಾ?"

"ಇದು ನಮ್ಮ ಕೆಲಸ ಅಲ್ಲ," ಎಂದಳು ಮಗಳು. "ಸರದಿ ಹಲಗೇಲಿ ಬರೆದಿಲ್ಲ. ಹೋಗಿ ನೋಡಿ."

ಆಫೀಸರ್ ಹೋಗಿ ನೋಡಲಿಲ್ಲ. ಗಡಿಯಾರ ನೋಡಿಕೊಂಡಳು. "ಯಾರ ಕೆಲಸ ಅನ್ನೋದು ನಿಮ್ಮ ನಿಮ್ಮ ವಿಷಯ. ನಾನು ನಾಲ್ಕು ಗಂಟೆಗೆ ಇದೇ ದಾರೀಲಿ ವಾಪಸ್ ಬರ್ತೀನಿ. ಸರಿ ಇದ್ರೆ ಸಹಿ. ಇಲ್ಲಾಂದ್ರೆ ಬೀಗ." ಜೀಪು ಹೋಯಿತು.

ಅಧ್ಯಕ್ಷರು ಈಗ ನಗಲಿಲ್ಲ, ಬುದ್ಧಿ ಹೇಳಲಿಲ್ಲ. "ನಾಳೆಯಿಂದ ಇಬ್ಬರೂ ಈ ಕಡೆ ಬರಬೇಡಿ," ಎಂದರು.

"ಬರ್ತೀವಿ," ಎಂದಳು ಮಗಳು. "ಊಟಕ್ಕೆ ಬರ್ತೀವಿ. ಹೊಲಿಗೆಗೆ ಬರ್ತೀವಿ."

ಮುಚ್ಚಳದಿಂದ ಇಳಿದಳು. ಅಮ್ಮನ ಕೈಗೆ ಕಟ್ಟಿದ್ದ ದಾರದ ಗಂಟನ್ನು ಉಗುರಿನಿಂದ ಬಿಡಿಸಿ ಚೀಲ ತೆಗೆದೆಸೆದಳು. ಅಮ್ಮನನ್ನು ಎಬ್ಬಿಸಿ ಒಳಗೆ ಕರೆದುಕೊಂಡು ಹೋದಳು.

ಊಟದ ಹೊತ್ತಾಗುವವರೆಗೆ ಇಬ್ಬರೂ ಹೊಲಿಗೆ ಮೂಲೆಯಲ್ಲಿ ಕುಳಿತರು. ಆಮೇಲೆ ಊಟದ ಹಾಲ್‌ನಲ್ಲಿ ಜನ ಸಾಲು ನಿಂತರು. ಅಮ್ಮ ಮಗಳು ಯಾವತ್ತೂ ಸಾಲಿನಲ್ಲಿ ನಿಂತವರಲ್ಲ. ಎಲ್ಲರದೂ ಮುಗಿದು, ಪಾತ್ರೆ ಬೆಳಗಿದ ಮೇಲೆ, ನಲ್ಲಿಯ ಹತ್ತಿರ ನಿಂತೇ ತಿನ್ನುತ್ತಿದ್ದರು. ಕೈ ಕೆಸರಾದರೆ ಬಾಯಿ ಮೊಸರು ಎನ್ನುವ ಗಾದೆ ಯಾರು ಕಟ್ಟಿದರೋ. ಇಲ್ಲಿ ಕೈ ಒಬ್ಬರದು, ಬಾಯಿ ಇನ್ನೊಬ್ಬರದು.

ಮಗಳು ಎರಡು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಳು. ಅವಳ ಸರದಿ ಬಂದಾಗ ಸೌಟು ಗಾಳಿಯಲ್ಲೇ ನಿಂತಿತು. ಸೌಟಕ್ಕ ಅವಳನ್ನು ನೋಡಿದಳು. ಅಧ್ಯಕ್ಷರು ಎಲ್ಲಿದ್ದಾರೆಂದು ನೋಡಿದಳು. ಅವರು ಹಾಲ್‌ನಲ್ಲಿರಲಿಲ್ಲ.

"ಏನಕ್ಕಾ, ಗಂಜಿ ಆರಿಹೋಗುತ್ತೆ," ಎಂದು ಹಿಂದಿನಿಂದ ಯಾರೋ ಕೂಗಿದರು.

ಮಗಳು ತಟ್ಟೆ ಹಿಡಿದೇ ನಿಂತಿದ್ದಳು. ಬೇಡಲಿಲ್ಲ, ಬೈಯಲಿಲ್ಲ, ಪಕ್ಕಕ್ಕೆ ಸರಿಯಲಿಲ್ಲ.

ಸೌಟು ಇಳಿಯಿತು. ಒಂದು ತಟ್ಟೆಗೆ. ಆಮೇಲೆ ಇನ್ನೊಂದಕ್ಕೆ.

ನಡುವಿನ ಮೇಜಿಗೆ ಅಮ್ಮನನ್ನು ಕರೆದುಕೊಂಡು ಹೋಗಿ ಕೂರಿಸಿದಳು. ಅಮ್ಮ ಕುರ್ಚಿಯ ತುದಿಯಲ್ಲಿ ಕುಳಿತಳು, ಯಾರಾದರೂ ಏಳು ಅಂದರೆ ಏಳುವುದಕ್ಕೆ ಸುಲಭವಾಗುವ ಹಾಗೆ. ಎದುರಿಗೆ ಓಣಿಯ ಅಜ್ಜಿ ಇದ್ದಳು. ಅಜ್ಜಿ ಮೊದಲು ಮುಖ ತಿರುಗಿಸಿದಳು, ಆಮೇಲೆ ಉಪ್ಪಿನ ಬಟ್ಟಲನ್ನು ಇವರ ಕಡೆ ದೂಡಿದಳು. ಮಗಳು ಅಮ್ಮನಿಗೆ ತಿನ್ನಿಸತೊಡಗಿದಳು.

ನಾಲ್ಕನೆಯ ತುತ್ತಿಗೆ ಹಿತ್ತಲಿನಿಂದ ಕಬ್ಬಿಣ ಕಲ್ಲಿಗೆ ಉಜ್ಜಿದ ಸದ್ದು ಬಂತು. ಮುಚ್ಚಳ ಎಳೆದ ಸದ್ದು. ತಾತ ಹೊಲಿಗೆ ಮೂಲೆಯಲ್ಲಿ ತಲೆ ಎತ್ತಿದ. ಸೌಟಕ್ಕನ ಸೌಟು ನಿಂತಿತು. ಸ್ವಲ್ಪ ಹೊತ್ತಿಗೆ ಯಾರೋ ಓಕರಿಸಿದರು. ಒಮ್ಮೆ. ಮತ್ತೊಮ್ಮೆ. ನಡುವೆ ಒಂದು ಬೈಗುಳ. ಗಂಡಸಿನ ದನಿ. ಹಾಲ್‌ನಲ್ಲಿ ಊಟ ಮಾಡುತ್ತಿದ್ದವರೆಲ್ಲ ತಟ್ಟೆಯಿಂದ ಕೈ ತೆಗೆದರು. ಅಮ್ಮ ಏಳಲು ಹೋದಳು.

ಮಗಳು ಅವಳ ಭುಜದ ಮೇಲೆ ಕೈಯಿಟ್ಟು ಕೂರಿಸಿದಳು. ಯಾರೆಂದು ತಿರುಗಿ ನೋಡಲಿಲ್ಲ. ಸಂತೋಷವೂ ಆಗಲಿಲ್ಲ.

"ಬಾಯಿ ತೆಗಿ," ಎಂದಳು.